ಹೊಲದ ಬೆಲೆ, ಮನೆಯ ಬೆಲೆ: ತೊರಗಲ್ ನಾಡಿನ ನಾಲ್ಕು ತಾಲೂಕುಗಳು

ರಾಮದುರ್ಗ ತಾಲೂಕಿನಲ್ಲಿ, ಮಲಪ್ರಭೆಯ ತೀರಕ್ಕೆ, ತೊರಗಲ್ ಎಂಬ ಊರುಂಟು. ಹಳೆಯ ಕೋಟೆ, ಭೂತನಾಥನ ಗುಡಿ, ಅವುಗಳ ಸುತ್ತ ನೆಲೆನಿಂತ ಮನೆಗಳು. ಇಂದು ನೋಡಿದವರಿಗೆ ಅದು ಒಂದು ಸಾಮಾನ್ಯ ಗ್ರಾಮವೇ ಸರಿ. ಆದರೆ ಶಾಸನಗಳಲ್ಲಿ ಅದು ತೊರಗಲೆ-6000 ಎಂಬ ನಾಡಿಗೆ ಹೆಸರು ಕೊಟ್ಟ ಸ್ಥಳ. ಈ ಆರು ಸಾವಿರವೆಂಬುದು ಹಳ್ಳಿಗಳ ಎಣಿಕೆಯೋ, ಕಂದಾಯದ ಲೆಕ್ಕವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಒಂದು ನಾಡಿನ ಹಿರಿಮೆಯನ್ನು ಅದರ ಉತ್ಪನ್ನದಿಂದಲೋ ವಸತಿಯಿಂದಲೋ ಅಳೆಯುವ ವಾಡಿಕೆ ನಮ್ಮಲ್ಲಿ ಸಾವಿರ ವರುಷಗಳಷ್ಟು ಹಳೆಯದೆಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ.

ಈ ಲೇಖನದಲ್ಲಿ ತೊರಗಲ್ ನಾಡು ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲೂಕುಗಳೆಂದು ವಾಚಕರು ತಿಳಿಯಬೇಕು. ಸವದತ್ತಿಯು ರಟ್ಟರ ಕೂಂಡಿ-3000ರ ರಾಜಧಾನಿಯಾಗಿದ್ದ ಸುಗಂಧವರ್ತಿ. ಅದನ್ನು ತೊರಗಲೆಗೆ ಸೇರಿಸಿ ಹೇಳಿದರೆ ಶಾಸನ ಬಲ್ಲವರು ಹುಬ್ಬು ಗಂಟಿಕ್ಕಿಯಾರು. ಆದರೆ ಮಲಪ್ರಭಾ ನದಿ ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಎಂ.ಕೆ. ಹುಬ್ಬಳ್ಳಿಯ ಗಂಗಾಂಬಿಕೆಯ ಐಕ್ಯಸ್ಥಳ, ಸಂಗೊಳ್ಳಿ, ಮುನವಳ್ಳಿ, ನವಿಲುತೀರ್ಥ, ರಾಮದುರ್ಗ: ಎಲ್ಲವೂ ಆ ಒಂದೇ ನೀರಿನ ದಂಡೆಯವು. ತಾಲೂಕುಗಳ ಗಡಿಗಳಾದರೋ ಬದಲಾಗುತ್ತಲೇ ಬಂದಿವೆ. ಇಂಗ್ಲಿಷರ ಕಾಲದಲ್ಲಿ ಬೈಲಹೊಂಗಲದ ಸೀಮೆಯು ಸಂಪಗಾಂವ ತಾಲೂಕು, ಸವದತ್ತಿಯದು ಪರಸಗಡ ತಾಲೂಕು; ರಾಮದುರ್ಗವು 1948ರವರೆಗೆ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನ. ನಮ್ಮ ಕಾಲದಲ್ಲಿಯೇ ಬೈಲಹೊಂಗಲದಿಂದ ಕಿತ್ತೂರು ಬೇರ್ಪಟ್ಟಿತು, ಸವದತ್ತಿಯಿಂದ ಯರಗಟ್ಟಿ ಬೇರ್ಪಟ್ಟಿತು.

ಈ ನಾಲ್ಕು ತಾಲೂಕುಗಳ ಯಾವ ಊರಿಗೆ ಹೋದರೂ ಈಗ ಕೇಳಿಬರುವ ಮಾತು ಒಂದೇ: ಜಾಗೆಯ ಬೆಲೆ ಏರಿತು. ಊರ ಹೊರಗಿನ ಎರೆಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಕಮಾನು ನಿಲ್ಲಿಸಿ ಯಾವುದೋ ‘ನಗರ’ವೆಂದು ಹೆಸರಿಟ್ಟಿರುತ್ತಾರೆ. ಇದನ್ನು ಕಂಡು ನಾಡು ಬೆಳೆಯಿತೆಂದು ಹಿಗ್ಗುವವರಿದ್ದಾರೆ, ನಾಡು ಕೆಟ್ಟಿತೆಂದು ಮರುಗುವವರೂ ಇದ್ದಾರೆ. ಇಬ್ಬರೂ ಅವಸರಪಡುತ್ತಾರೆಂದು ನನ್ನ ಅಭಿಪ್ರಾಯ. ಬೆಲೆ ಏರುವುದು ಬೇರೆ, ದುಡಿಮೆ ಏರುವುದು ಬೇರೆ. ಒಂದು ಮನೆಯ ಬೆಲೆಯ ಕೆಳಗೆ ಯಾವ ದುಡಿಮೆ ನಿಂತಿದೆ ಎಂದು ಕೇಳಿದರೆ ಈ ನಾಲ್ಕು ತಾಲೂಕುಗಳು ನಾಲ್ಕು ಬಗೆಯ ಉತ್ತರ ಕೊಡುತ್ತವೆ.

ಮೊದಲು ನಮ್ಮ ಹಳೆಯ ಮನೆಯನ್ನೇ ನೆನೆಯೋಣ. ಕಲ್ಲು-ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಬೋದಿಗೆ, ತೊಲೆ, ಜಂತಿ. ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಬೆಳಕಿಂಡಿ. ತಲಬಾಗಿಲು ದಾಟಿದೊಡನೆ ದನದ ಕೊಟ್ಟಿಗೆ, ಗೋದಲಿ. ಒಂದು ಮೆಟ್ಟಿಲು ಏರಿದರೆ ಪಡಸಾಲೆ. ಒಳಗೆ ಅಡುಗೆಮನೆ, ದೇವರ ಜಗುಲಿ. ಮನೆಯ ಅಳತೆಯನ್ನು ಅಂಕಣಗಳಲ್ಲಿ ಹೇಳುತ್ತಿದ್ದರೇ ಹೊರತು ಚದರಡಿಗಳಲ್ಲಿ ಅಲ್ಲ. ಜೋಳ ತುಂಬಲು ನೆಲದಲ್ಲಿ ಹಗೇವು ಇರುತ್ತಿತ್ತು. ಅಂದರೆ ಆ ಮನೆಯು ವಸತಿಯೂ ಹೌದು, ಉಗ್ರಾಣವೂ ಹೌದು, ದುಡಿಮೆಯ ಸ್ಥಳವೂ ಹೌದು. ಅದನ್ನು ಕಟ್ಟುವ ಕಲ್ಲು ಹತ್ತಿರದ ಗುಡ್ಡದ್ದು, ಮಣ್ಣು ಕೆರೆಯದು, ಆಳು ಮುಯ್ಯಿಯದು. ನಗದು ಹಣ ಹೋಗುತ್ತಿದ್ದುದು ಬಹುಮಟ್ಟಿಗೆ ಕಟ್ಟಿಗೆಗೆ ಮತ್ತು ಬಡಿಗನ ಕೈಗೆ. ಅಂಥ ಮನೆಗೆ ಪೇಟೆಯ ಬೆಲೆಯೆಂಬುದು ಇರಲಿಲ್ಲವೆಂದರೂ ಸಲ್ಲುತ್ತದೆ. ಮಾರುವವನು ಮನೆತನ ಮುಳುಗಿದವನು, ಕೊಳ್ಳುವವನು ಪಕ್ಕದ ಗೋಡೆಯವನು. ಬೆಲೆ ಹೇಳುವವರು ಊರ ಹಿರಿಯರು.

ಈ ವ್ಯವಸ್ಥೆ ಸಡಿಲವಾದದ್ದಕ್ಕೆ ಕಾರಣಗಳು ಹಲವು. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ದೊಡ್ಡ ವಾಡೆಗಳ ಆದಾಯ ಕುಗ್ಗಿತು. ಅದೇ ದಶಕದಲ್ಲಿ ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟಿನಲ್ಲಿ, ಅಂದರೆ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ರೇಣುಕಾಸಾಗರದಲ್ಲಿ, ನೀರು ನಿಂತಿತು. ಕೆಲವರ ಹೊಲ ಮುಳುಗಿತು, ಕೆಲವರ ಹೊಲಕ್ಕೆ ಕಾಲುವೆ ಬಂದಿತು. ಬೆಳೆಗಿಂತ ಮುಂಚೆ ಕರದ ಚೀಟಿ ಬಂದ ಸಿಟ್ಟಿಗೆ 1980ರ ಜುಲೈ ತಿಂಗಳಲ್ಲಿ ನೆರೆಯ ನರಗುಂದ-ನವಲಗುಂದಗಳಲ್ಲಿ ರೈತಬಂಡಾಯ ನಡೆದುದನ್ನು ನನ್ನ ವಯಸ್ಸಿನವರು ಮರೆತಿಲ್ಲ. ಹತ್ತಿ, ಜೋಳಗಳ ನಾಡಿನೊಳಗೆ ಕಬ್ಬು, ಗೋವಿನಜೋಳ, ಸೋಯಾ ಪ್ರವೇಶಿಸಿದವು, ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲದ ಸಿದ್ಧಸಮುದ್ರ, ಮುನವಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು. ಎತ್ತು ಕಡಿಮೆಯಾಗಿ ಟ್ರ್ಯಾಕ್ಟರು ಬಂದ ಮೇಲೆ ಕೊಟ್ಟಿಗೆ ಬರಿದಾಯಿತು, ಹಗೇವಿನ ಬಾಯಿಗೆ ಬಂಡೆ ಮುಚ್ಚಿದರು.

ಇದಕ್ಕಿಂತ ಮೇಲಾದ ಕಾರಣ ವಿದ್ಯೆ. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದರು. ಬೈಲಹೊಂಗಲ ತಾಲೂಕಿನ ನಾಗನೂರಿನ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯವನ್ನಂತೂ ಹೇಳುವುದೇ ಬೇಡ. ಹಳ್ಳಿಯ ಹುಡುಗ ಅಲ್ಲಿ ಉಂಡು ಓದಿ ಮಾಸ್ತರನಾದ, ಗುಮಾಸ್ತನಾದ, ಇಂಜಿನಿಯರನಾದ. ನೌಕರಿ ಇದ್ದ ಊರಲ್ಲಿ ಜಾಗೆ ಕೊಂಡ. ಇಂದು ಬೆಳಗಾವಿಯಲ್ಲಿ ಆ ಸ್ವಾಮಿಗಳ ಹೆಸರಿನಲ್ಲಿಯೇ ಶಿವಬಸವ ನಗರವೆಂಬ ಬಡಾವಣೆ ಇದೆ. ಮಠದ ಪ್ರಸಾದಕ್ಕೂ ಪಟ್ಟಣದ ಜಾಗೆಯ ಬೆಲೆಗೂ ಸಂಬಂಧವುಂಟೆಂದು ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬರೆದಿರಲಾರದು, ಆದರೆ ಸಂಬಂಧ ಇದ್ದೇ ಇದೆ. ಓದಿದ ಮಗ ಕಳಿಸಿದ ಹಣದಿಂದ ಹಳ್ಳಿಯ ಮಾಳಿಗೆ ಇಳಿದು ಅಲ್ಲಿ ಸಿಮೆಂಟಿನ ಸ್ಲ್ಯಾಬು ಏರಿತು. ಓದಿದ ಮಗ ಹಿಂದಿರುಗದೆ ಇದ್ದುದರಿಂದ ಆ ಸ್ಲ್ಯಾಬಿನ ಕೆಳಗೆ ತಂದೆತಾಯಿ ಇಬ್ಬರೇ ಉಳಿದರು.

ಇನ್ನು ತಾಲೂಕುಗಳತ್ತ ಬರೋಣ.

ಕಿತ್ತೂರು ಹೆದ್ದಾರಿಯ ಕೂಸು. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಊರ ಮಗ್ಗುಲಲ್ಲಿಯೇ ಹಾದಿದೆ. ಧಾರವಾಡ 30 ಕಿಲೋಮೀಟರಿನ ಆಸುಪಾಸು, ಬೆಳಗಾವಿ 50ರ ಆಸುಪಾಸು. 1824ರಲ್ಲಿ ಚನ್ನಮ್ಮ ರಾಣಿಯು ಥ್ಯಾಕರೆಯ ಸೈನ್ಯವನ್ನು ಎದುರಿಸಿದ ಈ ಊರಿಗೆ ಈಗ ಎರಡು ದೊಡ್ಡ ಊರುಗಳಿಂದಲೂ ಹಣ ಹರಿಯುತ್ತದೆ. ಧಾರವಾಡದಿಂದ ಕಿತ್ತೂರಿಗೆ ಬರುವ ದಾರಿಯಲ್ಲಿ ಬೇಲೂರು ಕೈಗಾರಿಕಾ ಪ್ರದೇಶ ಬೆಳೆದಿದೆ; ಧಾರವಾಡಕ್ಕೆ 2016ರಲ್ಲಿ ಬಂದ ಐ.ಐ.ಟಿ.ಯ ಸ್ವಂತ ಆವರಣ 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡಿತು. 1969ರಿಂದ ಇರುವ ಹೆಣ್ಣುಮಕ್ಕಳ ಸೈನಿಕ ಶಾಲೆ ಊರಿಗೆ ಒಂದು ಗೌರವ. ತಾಲೂಕು ಕೇಂದ್ರವಾದೊಡನೆ ಕಚೇರಿಗಳು, ಕಚೇರಿಗಳೊಡನೆ ಬಾಡಿಗೆ ಮನೆಗಳ ಬೇಡಿಕೆ. 2021ರ ನವೆಂಬರಿನಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂದು ಹೆಸರಾಯಿತು. ಹೆಸರಿನಿಂದ ಹೊಟ್ಟೆ ತುಂಬದಿದ್ದರೂ ಜಾಗೆಯ ದಲ್ಲಾಳಿಗಳಿಗೆ ಅದೊಂದು ಮಾತಾಯಿತು.

ಎಲ್ಲಕ್ಕಿಂತ ಹೆಚ್ಚು ಬೆಲೆ ಕುದುರಿಸಿದ್ದು ರೈಲು. ಧಾರವಾಡದಿಂದ ಕಿತ್ತೂರಿನ ಮೇಲೆ ಹಾಯ್ದು ಬೆಳಗಾವಿಗೆ ಹೋಗುವ 73 ಕಿಲೋಮೀಟರಿನ ನೇರ ಮಾರ್ಗಕ್ಕೆ 2020ರಲ್ಲಿ, ಬೆಳಗಾವಿಯವರೇ ಆದ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದ ಕಾಲಕ್ಕೆ, ಮಂಜೂರಾತಿ ದೊರೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಭೂಸ್ವಾಧೀನದ ಕೆಲಸ ವರ್ಷಗಟ್ಟಲೆ ಎಳೆಯಿತು, ದಾರಿಯ ಕೆಲವು ಹಳ್ಳಿಗಳ ರೈತರು ಫಲವತ್ತಾದ ಭೂಮಿ ಬಿಡೆವೆಂದರು. ಕಂಬಿ ಬೀಳುವ ಮೊದಲೇ ಅದರ ಬೆಲೆ ಜಾಗೆಯಲ್ಲಿ ಸೇರಿಹೋಯಿತು. ಬರಲಿರುವ ರೈಲಿನ ಬೆಲೆಯನ್ನು ಕೊಳ್ಳುವವನು ಇಂದೇ ಕೊಟ್ಟಿರುತ್ತಾನೆ. ರೈಲು ತಡವಾದಷ್ಟೂ ಆ ಬಡ್ಡಿ ಅವನ ತಲೆಯ ಮೇಲೆ.

ಬೈಲಹೊಂಗಲದ ಕಥೆ ಬೇರೆ. ಹೆದ್ದಾರಿಯಿಂದ ಒಳಗಿದ್ದರೂ ಅದು ಮೊದಲಿನಿಂದಲೂ ವ್ಯಾಪಾರದ ಊರು. ಹತ್ತಿಯ ಪೇಟೆ, ಅರಳೆ ಬಿಡಿಸುವ ಜಿನ್ನುಗಳು, ಅಡತಿ ಅಂಗಡಿಗಳು, ಉಪವಿಭಾಗದ ಕಚೇರಿ, ಕಾಲೇಜುಗಳು, ಆಸ್ಪತ್ರೆಗಳು. ಚನ್ನಮ್ಮನ ಸಮಾಧಿ ಇರುವುದೂ ಅಲ್ಲಿಯೇ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 49 ಸಾವಿರ. ಸವದತ್ತಿಯದು ಸುಮಾರು 41 ಸಾವಿರ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲವಾದ್ದರಿಂದ, ಅನಂತರದ ಬೆಳವಣಿಗೆಯನ್ನು ಬಡಾವಣೆಗಳ ವಿಸ್ತಾರದಿಂದಲೇ ಊಹಿಸಬೇಕಾಗಿದೆ. ಇಲ್ಲಿಯ ಮನೆಗೆ ಬೆಲೆ ಕಟ್ಟುವವರು ಸುತ್ತಲ ಹಳ್ಳಿಗಳ ಒಕ್ಕಲಿಗ ಮನೆತನಗಳು. ಮಕ್ಕಳ ಶಾಲೆಗಾಗಿ, ವೃದ್ಧರ ದವಾಖಾನೆಗಾಗಿ, ಬೈಲಹೊಂಗಲದಲ್ಲೊಂದು ಮನೆ ಮಾಡಿ, ಮುಂಜಾನೆ ಮೋಟಾರು ಸೈಕಲ್ಲಿನ ಮೇಲೆ ಹೊಲಕ್ಕೆ ಹೋಗಿ ಸಂಜೆ ಬರುವವರು ಬಹಳ. ಆದ್ದರಿಂದ ಸೋಯಾ, ಹತ್ತಿ, ಕಬ್ಬಿನ ಧಾರಣೆ ಚೆನ್ನಾಗಿದ್ದ ವರ್ಷ ಜಾಗೆಯ ಮಾತು ಜೋರು. ಬೆಳೆ ಕೆಟ್ಟ ವರ್ಷ ಅರ್ಧ ಕಟ್ಟಿದ ಮನೆಗಳ ಸಾಲು. ನನ್ನ ತಿಳಿವಳಿಕೆಯಂತೆ ನಾಲ್ಕರಲ್ಲಿ ಇದೇ ಹೆಚ್ಚು ಗಟ್ಟಿಯಾದ ಪೇಟೆ. ಏಕೆಂದರೆ ಇಲ್ಲಿ ಮನೆಯ ಕೆಳಗೆ ಹೊಲ ನಿಂತಿದೆ. ಬೈಲಹೊಂಗಲವನ್ನು ಜಿಲ್ಲಾಕೇಂದ್ರ ಮಾಡಬೇಕೆಂಬ ಬೇಡಿಕೆ ಎದ್ದಾಗಲೆಲ್ಲ ಬೆಲೆಯೂ ಏಳುತ್ತದೆ. 1997ರಲ್ಲಿ ಚಿಕ್ಕೋಡಿ, ಗೋಕಾಕ ಜಿಲ್ಲೆಗಳ ಘೋಷಣೆಯಾಗಿ ಹಿಂತೆಗೆದುಕೊಂಡದ್ದನ್ನು ನೆನಪಿಟ್ಟವರು ಅಂಥ ಮಾತಿಗೆ ಹಣ ಹೂಡಲು ಹಿಂಜರಿಯುತ್ತಾರೆ, ಅದು ಸರಿಯೇ.

ಸವದತ್ತಿಗೆ ಎರಡು ಆದಾಯ: ಜಲಾಶಯದ ನೀರು ಮತ್ತು ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಮಹಾರಾಷ್ಟ್ರದಿಂದಲೂ ಲಕ್ಷಾಂತರ ಜನ ಬರುತ್ತಾರೆ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಜನಸಂದಣಿ ಮತ್ತೂ ಹೆಚ್ಚಿತು. 2024ರಲ್ಲಿ ಕೇಂದ್ರ ಸರಕಾರ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಇದರಿಂದ ಉಗರಗೋಳ, ಸವದತ್ತಿಗಳ ರಸ್ತೆಬದಿಯ ಜಾಗೆಗೆ ಬೇಡಿಕೆ ಬಂದಿದೆ, ಆದರೆ ಅದು ವಸತಿಗೃಹಕ್ಕೆ, ಅಂಗಡಿಗೆ ಬಂದ ಬೇಡಿಕೆ. ಜಾತ್ರೆಯ ಹಣ ಋತುವಿನದು. ಹುಣ್ಣಿಮೆಗೆ ಬಂದು ಅಮಾವಾಸ್ಯೆಗೆ ಹೋಗುತ್ತದೆ. ವರ್ಷವಿಡೀ ಬಾಡಿಗೆ ಕೊಟ್ಟು ಇರುವ ಸಂಸಾರ ಅದರಿಂದ ಹುಟ್ಟುವುದಿಲ್ಲ. ಗಟ್ಟಿಯಾದ ವಸತಿ ಬೆಳೆದದ್ದು ಮುನವಳ್ಳಿ, ಯರಗಟ್ಟಿಗಳಲ್ಲಿ: ಒಂದಕ್ಕೆ ಪೇಟೆ ಮತ್ತು ಕಾರ್ಖಾನೆ, ಇನ್ನೊಂದಕ್ಕೆ ಬೆಳಗಾವಿ-ಬಾಗಲಕೋಟೆ ರಸ್ತೆ ಹಾಗೂ ಹೊಸ ತಾಲೂಕಿನ ಕಚೇರಿಗಳು.

ರಾಮದುರ್ಗದ ಮಾತು ಬಂದಾಗ ಬೆಲೆಯ ಲೆಕ್ಕ ಬಿಟ್ಟು ಬೇರೆ ಲೆಕ್ಕ ಹಿಡಿಯಬೇಕಾಗುತ್ತದೆ. ಸಂಸ್ಥಾನದ ಕಾಲದಿಂದ ಅದು ನೇಕಾರರ ಊರು. ಸುರೇಬಾನದ ಮಗ್ಗಗಳೂ ಹೆಸರಾದವು. ನೇಕಾರನ ಮನೆಯೆಂದರೆ ಮಗ್ಗದ ಮನೆ. ಮನೆ ಬಿದ್ದರೆ ದುಡಿಮೆಯೂ ಬಿದ್ದಂತೆ. 2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ಮತ್ತು ಮಳೆಯ ನೀರು ಕೂಡಿ ಮಲಪ್ರಭೆ ದಂಡೆ ಮೀರಿದಾಗ ಮುನವಳ್ಳಿಯಿಂದ ರಾಮದುರ್ಗದವರೆಗೆ ನದಿಪಾತ್ರದ ಊರುಗಳಲ್ಲಿ ನೀರು ಹೊಕ್ಕಿತು. ಕಲ್ಲು-ಮಣ್ಣಿನ ಗೋಡೆಗೆ ಮಳೆ ತಾಳುವ ಶಕ್ತಿ ಉಂಟು, ಬುಡದಲ್ಲಿ ನಾಲ್ಕು ದಿನ ನಿಂತ ನೀರನ್ನು ತಾಳುವ ಶಕ್ತಿ ಇಲ್ಲ. ನೀರು ಇಳಿದ ಮೇಲೆ, ಬಿಸಿಲು ಬಿದ್ದಾಗ, ಗೋಡೆಗಳು ಒಂದೊಂದಾಗಿ ಕುಸಿದವು. ಮಗ್ಗಗಳು ಕೆಸರಿನಲ್ಲಿ ಉಳಿದವು.

ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವೆಂದು ಅಂದಿನ ರಾಜ್ಯ ಸರಕಾರ ಘೋಷಿಸಿತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಒಂದು ಮನೆಗೆ ಕೊಡುತ್ತಿದ್ದುದು 1 ಲಕ್ಷ 20 ಸಾವಿರವಾದ್ದರಿಂದ, ಅದಕ್ಕೆ ಹೋಲಿಸಿದರೆ ಇದು ದೊಡ್ಡ ಮೊತ್ತವೇ. ಹಣ ಕಂತು ಕಂತಾಗಿ ಬರುವುದು. ಬುನಾದಿಯಾದಾಗ ಒಂದು, ಗೋಡೆ ಎದ್ದಾಗ ಒಂದು, ಮೇಲ್ಛಾವಣಿಗೆ ಇನ್ನೊಂದು. ಕೈಯಲ್ಲಿ ಸ್ವಂತದ ಹಣವಿದ್ದವನು ಕಟ್ಟಿ ಮುಗಿಸಿದ, ಇಲ್ಲದವನು ಬುನಾದಿಯ ಮೇಲೆ ತಗಡು ಹೊದಿಸಿದ. ದಾಖಲೆಯಲ್ಲಿ ಅಜ್ಜನ ಹೆಸರೇ ಉಳಿದಿದ್ದ ಮನೆಗಳವರು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಮನೆಗಳವರು, ಪರಿಹಾರದ ಅರ್ಜಿ ಹಿಡಿದು ಅಲೆದರು. 2009ರ ಅಕ್ಟೋಬರಿನ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಹೆಸರಿನಿಂದ ಹೊಸ ಮನೆಗಳ ಸಾಲುಗಳೆದ್ದವು. ಅವುಗಳಲ್ಲಿ ಹಲವು ಬಹುಕಾಲ ಖಾಲಿ ಬಿದ್ದುದನ್ನು ನೋಡಿದ್ದೇವೆ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ. ದುಡಿಮೆಯಿಂದ ಬೇರ್ಪಟ್ಟ ಮನೆಯಲ್ಲಿ ಮನುಷ್ಯ ನಿಲ್ಲಲಾರ. ನೆರೆಯ ನೀರು ಬಂದ ಗುರುತಿನೊಳಗಿನ ಜಾಗೆಗೆ ಈಗ ಕೊಳ್ಳುವವರಿಲ್ಲ. ಗುರುತಿನ ಮೇಲಣ ಜಾಗೆ ಕೊಳ್ಳುವ ಶಕ್ತಿ ಅಲ್ಲಿರಬೇಕಾದವರಿಗೆ ಇಲ್ಲ. ರಾಮದುರ್ಗದ ಜಾಗೆಯ ಪೇಟೆಯನ್ನು ಬರೆಯಹೊರಟರೆ ಈ ಎರಡು ವಾಕ್ಯಗಳಿಂದಲೇ ಆರಂಭಿಸಬೇಕು. ಲೋಕಾಪುರದಿಂದ ರಾಮದುರ್ಗ, ಸವದತ್ತಿಗಳ ಮೇಲೆ ಧಾರವಾಡಕ್ಕೆ ರೈಲು ಬೇಕೆಂಬ ಕೂಗು ಅಲ್ಲಿಯ ಜನರದು. ಕಿತ್ತೂರಿನ ರೈಲಿನಂತೆ ಅದು ದಲ್ಲಾಳಿಯ ಬಾಯಲ್ಲಿ ಇನ್ನೂ ಸಿಕ್ಕಿಲ್ಲ.

ಜಿಲ್ಲೆಯ ಸರಾಸರಿ ನೋಡುವವರಿಗೆ ಇವಾವುವೂ ಕಾಣವು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲೂಕನ್ನು ಅಳತೆಯ ಘಟಕವಾಗಿ ಹಿಡಿದರು. ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದು ತೋರಿಸಿದರು. ಅದು ದೊಡ್ಡ ಉಪಕಾರ. ನಮ್ಮಲ್ಲಿ ಮಾತ್ರ ಹೀಗೆಂದು ಭಾವಿಸಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ನೆಲೆಸಿರುವ ಅಮೆರಿಕೆಯಲ್ಲಿ ಡೆಲಾವೇರ್ ಎಂಬ ಪುಟ್ಟ ರಾಜ್ಯವಿದೆ. ಅದಕ್ಕಿರುವುದು ಮೂರೇ ಕೌಂಟಿಗಳು. ಉತ್ತರದ ನ್ಯೂ ಕ್ಯಾಸಲ್‌ನಲ್ಲಿ ಬ್ಯಾಂಕುಗಳು, ನಡುವಿನ ಕೆಂಟ್‌ನಲ್ಲಿ ರಾಜಧಾನಿ ಡೋವರ್, ದಕ್ಷಿಣದ ಸಸೆಕ್ಸ್‌ನಲ್ಲಿ ಕೋಳಿಸಾಕಣೆ ಮತ್ತು ಕಡಲತೀರ. ಕಡಿಮೆ ತೆರಿಗೆಯ ಆಸೆಗೆ ನೆರೆರಾಜ್ಯಗಳ ನಿವೃತ್ತರು ಸಸೆಕ್ಸ್‌ನ ತೀರಕ್ಕೆ ಬಂದು ಮನೆ ಕೊಳ್ಳತೊಡಗಿ, ಅಲ್ಲಿಯೇ ದುಡಿಯುವವರಿಗೆ ಅಲ್ಲಿಯ ಮನೆ ಕೈಗೆಟುಕದಂತಾಯಿತು. ಹೊರಗಿನ ಹಣ ಬೆಲೆ ಕಟ್ಟಿದರೆ ಒಳಗಿನ ಕೂಲಿ ಅದನ್ನು ಮುಟ್ಟಲಾರದೆಂಬುದು ಅಲ್ಲಿಯ ಅನುಭವವೂ ಹೌದು. ನಮ್ಮ ರಾಜ್ಯದಲ್ಲಿ 2020ರ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 79-ಎ, 79-ಬಿ ಕಲಮುಗಳು ಹೋಗಿ, ಒಕ್ಕಲಿಗರಲ್ಲದವರೂ ವರಮಾನದ ಮಿತಿಯಿಲ್ಲದೆ ಹೊಲ ಕೊಳ್ಳಬಹುದಾದ ಮೇಲೆ ಹೆದ್ದಾರಿಯ ಬದಿಗೆ ಇದೇ ಸ್ಥಿತಿ ಬರಲು ಬಾಗಿಲು ತೆರೆಯಿತು.

ಗೃಹಸ್ಥರಾದ ವಾಚಕರು ಒಂದು ಸರಳ ಲೆಕ್ಕ ಹಾಕಿ ನೋಡಬಹುದು. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ಬಡಾವಣೆ ಮಾಡಿದಾಗ ರಸ್ತೆ, ಉದ್ಯಾನ, ಸಾರ್ವಜನಿಕ ಉಪಯೋಗದ ಜಾಗ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. 30-40 ಅಳತೆಯ ಸುಮಾರು 20 ಜಾಗೆಗಳಾಗುತ್ತವೆ. ಲೆಕ್ಕಕ್ಕಾಗಿ ಚದರಡಿಗೆ 500 ರೂಪಾಯಿ ಹಿಡಿದರೆ 20 ಜಾಗೆಗಳ ಬೆಲೆ 1 ಕೋಟಿ 20 ಲಕ್ಷ. ಈಗ ಅದೇ ಎಕರೆಯಲ್ಲಿ ಕಬ್ಬು ಬೆಳೆಯೋಣ. 2025ರ ನವೆಂಬರಿನಲ್ಲಿ ಜಿಲ್ಲೆಯ ರೈತರು ಗುರ್ಲಾಪುರ ಕ್ರಾಸಿನಲ್ಲಿ ದಿನಗಟ್ಟಲೆ ಕುಳಿತು ಹೋರಾಡಿದ ಮೇಲೆ ಟನ್ನಿಗೆ 3,300 ರೂಪಾಯಿಯ ತೀರ್ಮಾನವಾಯಿತು. ಎಕರೆಗೆ 40 ಟನ್ ಬಂದಿತೆಂದುಕೊಂಡರೆ 1 ಲಕ್ಷ 32 ಸಾವಿರ; ಗೊಬ್ಬರ, ಬೀಜ, ಆಳು, ನೀರಿನ ಖರ್ಚು ಅದರಲ್ಲಿಯೇ ಹೋಗಬೇಕು. ಇನ್ನು ಪಟ್ಟಣದಲ್ಲಿ ಮನೆ ಕಟ್ಟಲು ಬ್ಯಾಂಕಿನಿಂದ 20 ಲಕ್ಷ ರೂಪಾಯಿಯನ್ನು ನೂರಕ್ಕೆ ಎಂಟೂವರೆಯ ಬಡ್ಡಿಗೆ 20 ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 17,350 ರೂಪಾಯಿ, ವರ್ಷಕ್ಕೆ 2 ಲಕ್ಷ 8 ಸಾವಿರ, ಒಟ್ಟು ಮರುಪಾವತಿ 41 ಲಕ್ಷ ದಾಟುತ್ತದೆ. ಒಂದೆಕರೆ ಕಬ್ಬಿನ ಇಡೀ ಹುಟ್ಟುವಳಿ ಒಂದು ಮನೆಯ ಕಂತನ್ನು ತೀರಿಸಲಾರದು. ಅದೇ ಎಕರೆ ಮಾರಿದರೆ ಹಲವು ಮನೆಗಳಾಗುತ್ತವೆ. ಹೀಗಿರುವಾಗ ಹೊಲ ಮಾರುವವನನ್ನು ಮೂರ್ಖನೆಂದು ಕರೆಯಲು ನನಗೆ ಬಾಯಿ ಬಾರದು. ಆದರೆ 20 ಜಾಗೆಗಳ ಬೆಲೆ ಒಕ್ಕಲಿಗನ ಕೈಗೆ ಬರುವುದಿಲ್ಲ. ಅವನು ಮಾರುವುದು ಎಕರೆಯ ಲೆಕ್ಕದಲ್ಲಿ, ಅದು ಮಾರಾಟವಾಗುವುದು ಚದರಡಿಯ ಲೆಕ್ಕದಲ್ಲಿ. ಎರಡರ ನಡುವಣ ಅಂತರವೇ ಈ ಕಾಲದ ದೊಡ್ಡ ಬೆಳೆ. ಅದನ್ನು ಕೊಯ್ಯುವವರು ಬೇರೆ.

ಸೋದರಿಯರ ಪಾಲಿನ ವಿಷಯವೂ ಇದರೊಡನೆ ಹೆಣೆದುಕೊಂಡಿದೆ. 2005ರ ತಿದ್ದುಪಡಿಯಿಂದ ಹೆಣ್ಣುಮಗಳು ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕುದಾರಳು. 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ ಈ ಹಕ್ಕು ಇದೆಯೆಂದು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಾಟಣಿಗೆ ಮಾತ್ರ ಅದು ತಗಲುವುದಿಲ್ಲ. ಹೊಲದಲ್ಲಿ ಜೋಳ ಬೆಳೆಯುವವರೆಗೆ ಯಾರೂ ಈ ಮಾತೆತ್ತುವುದಿಲ್ಲ. ಹೊಲ ಜಾಗೆಯಾದ ದಿನ, ಕೊಳ್ಳುವವನ ವಕೀಲ ಹಕ್ಕುಬಿಡುಗಡೆ ಪತ್ರ ಕೇಳುತ್ತಾನೆ. ಅಂದು ತವರಿನವರಿಗೆ ಮಗಳ ನೆನಪಾಗುತ್ತದೆ.

ಕೊಳ್ಳುವವರಿಗೆ ಇಷ್ಟು ಹೇಳಬೇಕು. ಭೂಪರಿವರ್ತನೆಯ, ಅಂದರೆ ನಮ್ಮ ಕಡೆ ಎನ್.ಎ. ಎನ್ನುವ, ಆದೇಶವನ್ನು ಕಣ್ಣಾರೆ ನೋಡಿರಿ. ನಗರ ಯೋಜನಾ ಇಲಾಖೆಯ ಮಂಜೂರಾದ ನಕ್ಷೆ ಕೇಳಿರಿ. ಗ್ರಾಮ ಪಂಚಾಯತಿಯ ಹದ್ದಿನಲ್ಲಿದ್ದರೆ ಇ-ಸ್ವತ್ತಿನ ಉತಾರ ಇರಬೇಕು. ಕಳೆದ ವರ್ಷಗಳ ಋಣಭಾರ ಪ್ರಮಾಣಪತ್ರ ತೆಗೆಸಿರಿ. ಮಾರುವವರ ಅಕ್ಕತಂಗಿಯರು ಸಹಿ ಮಾಡಿದ್ದಾರೆಯೇ ವಿಚಾರಿಸಿರಿ. 2023ರ ಅಕ್ಟೋಬರ್ 1ರಿಂದ ಸರಕಾರದ ಮಾರ್ಗಸೂಚಿ ದರಗಳು ಏರಿದವು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2ಕ್ಕೆ ಏರಿತು. ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಒಂದು ಬೆಲೆ ಎಂಬ ಹಳೆಯ ಚಾಳಿ ಇನ್ನಾದರೂ ಕಡಿಮೆಯಾದೀತೇ ಎಂದು ಕಾದು ನೋಡಬೇಕು. ನದಿಯ ದಂಡೆಯಲ್ಲಾದರೆ 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಮನೆಯ ಮುದುಕಿಯನ್ನು ಕೇಳಿರಿ. ಯಾವ ಉತಾರದಲ್ಲಿಯೂ ಅದು ಬರೆದಿರುವುದಿಲ್ಲ.

ಬೈಲಹೊಂಗಲ ತಾಲೂಕಿನಲ್ಲಿ ನಾನು ಬಲ್ಲ ಒಂದು ಮನೆತನವಿದೆ, ಹೆಸರು ಬೇಡ. ಪಟ್ಟಣದ ಅಂಚಿಗೆ ಬಂದು ತಾಗಿದ ಆರೆಕರೆ ಎರೆಭೂಮಿ. ಹಿರಿಯ ಮಗ ಒಕ್ಕಲುತನಕ್ಕೆ, ಕಿರಿಯವನು ಧಾರವಾಡದಲ್ಲಿ ನೌಕರಿಗೆ. ಒಬ್ಬಳೇ ಮಗಳನ್ನು ರಾಮದುರ್ಗದ ಕಡೆಗೆ ಕೊಟ್ಟಿದ್ದಾರೆ. 2019ರಲ್ಲಿ ಅವಳ ಮನೆಯ ಎರಡು ಗೋಡೆ ಬಿದ್ದವು. ಕಿರಿಯವನಿಗೆ ಧಾರವಾಡದಲ್ಲಿ ಮನೆ ಬೇಕು, ಅದಕ್ಕೆ ಎರಡೆಕರೆ ಮಾರಬೇಕು. ಹಿರಿಯನು ಅರೆಮನಸ್ಸಿನಿಂದ ಒಪ್ಪಿದ. ಸಹಿಗಾಗಿ ತಂಗಿಯನ್ನು ಕರೆಸಿದರು; ತಾಯಿಯ ಅಪೇಕ್ಷೆಯ ಮೇರೆಗೆ ನನ್ನನ್ನೂ ಕರೆದಿದ್ದರು. ಕಿರಿಯವನು ಕಾಗದ ಮುಂದಿಟ್ಟು, “ಅಕ್ಕಾ, ಸುಮ್ಮನ ಒಂದ್ ಸಹಿ ಮಾಡಬಿಡು, ನಿನಗ ಸೀರಿ-ಕುಬಸಕ್ಕ ಏನೂ ಕಡಿಮಿ ಮಾಡೂದಿಲ್ಲ” ಎಂದ.

ಅವಳು ಕಾಗದವನ್ನು ಮುಟ್ಟಲಿಲ್ಲ. ಅಣ್ಣನ ಕಡೆಗೆ ತಿರುಗಿ, “ಅಣ್ಣಾ, ಹೊಲಾ ಹೊಲಾ ಆಗೇ ಇದ್ರ ನನಗೇನೂ ಬ್ಯಾಡ, ವರ್ಷಾ ನೀ ಒಂದ್ ಚೀಲ ಜ್ವಾಳಾ ಕಳಸ್ತಿ, ಅಷ್ಟ ಸಾಕು. ಮಾರೂದಾದ್ರ ಮೂರ್ ಪಾಲ ಮಾಡ್ರಿ. ನನ್ನ ಮನಿ ಗ್ವಾಡಿನೂ ಇನ್ನೂ ಏಳಬೇಕಾಗೇತಿ” ಎಂದಳು. ನನ್ನತ್ತ ನೋಡಿ, “ಗುರುಗಳ, ನಾ ಅಂದದ್ದರಾಗ ತಪ್ಪ ಐತೇನ್ರಿ?” ಎಂದು ಕೇಳಿದಳು. ಇಲ್ಲವೆಂದೆ. ಕಿರಿಯವನ ಮುಖ ಗಂಟಾಯಿತು. ತಾಯಿ ಏನೂ ಆಡಲಿಲ್ಲ, ಎದ್ದುಹೋಗಿ ಎಲ್ಲರಿಗೂ ಚಹ ತಂದಳು.

ಮೂರು ಪಾಲು ಮಾಡಿದರೆ ಎರಡೆಕರೆಯ ಹಣದಲ್ಲಿ ಧಾರವಾಡದ ಮನೆಯಾಗುವುದಿಲ್ಲ, ಮಾಡದಿದ್ದರೆ ಪತ್ರವಾಗುವುದಿಲ್ಲ. ಹಿರಿಯ ಮಗ ಒಂದು ದಾರಿ ಹೇಳಿದ್ದಾನೆ: ಮಾರುವುದು ಒಂದೇ ಎಕರೆ, ಮೊದಲು ತಂಗಿಯ ಗೋಡೆ ಏಳಲಿ, ಉಳಿದದ್ದರಲ್ಲಿ ತಮ್ಮ ಬ್ಯಾಂಕಿನ ಸಾಲ ಸೇರಿಸಿ ಸಣ್ಣ ಮನೆ ಕೊಳ್ಳಲಿ, ತನ್ನ ಪಾಲು ತನಗೆ ಹೊಲದಲ್ಲಿಯೇ ಇರಲಿ. ಕಿರಿಯವನು ಇನ್ನೂ ಹೂಂ ಅಂದಿಲ್ಲ. ಈ ಹಿಂಗಾರಿಗೆ ಆರೂ ಎಕರೆಯಲ್ಲಿ ಕಡಲೆ ಬಿತ್ತಿದ್ದಾರೆ. ಸುಗ್ಗಿಯಾದ ಮೇಲೆ ಮತ್ತೆ ಬರುವೆನೆಂದು ದಲ್ಲಾಳಿ ಹೇಳಿಹೋಗಿದ್ದಾನೆ.